ಓದುವ ಮೂಲೆ ಮಾಡಿಯಾಯಿತು, ಆದರೆ ಅಲ್ಲಿ ಕುಳಿತು ಓದುವವರೇ ಇಲ್ಲ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಸುಮಾರು ಆರು ತಿಂಗಳ ಹಿಂದೆ ಮಲಗುವ ಕೋಣೆಯ ಒಂದು ಮೂಲೆಯನ್ನು ಖಾಲಿ ಮಾಡಿ, ಓದುವುದಕ್ಕೆಂದೇ ಒಂದು ಜಾಗವನ್ನು ಸಿದ್ಧಪಡಿಸಿಕೊಂಡೆ. ಮೆತ್ತನೆಯ ದೊಡ್ಡ ಕುರ್ಚಿ, ಪಕ್ಕದಲ್ಲಿ ಲೋಟ ಇಡಲು ಒಂದು ದುಂಡು ಸ್ಟೂಲು, ಹಿಂದಿನ ಗೋಡೆಗೆ ಐದು ಖಾನೆಗಳ ಪುಸ್ತಕದ ಕಪಾಟು, ಕಪಾಟಿನ ಅಂಚಿಗೆ ಸುತ್ತಿದ ಸಣ್ಣ ದೀಪಗಳ ಸರ; ನೋಡುವುದಕ್ಕೆ ಚೆನ್ನಾಗಿಯೇ ಇತ್ತು, ಮನೆಗೆ ಬಂದವರೆಲ್ಲ ಹೊಗಳಿದರು. ಮೊದಲ ಎರಡು ವಾರ ನಾನು ಅಲ್ಲಿ ಕುಳಿತು ಓದಿದ್ದೂ ನಿಜ. ಮೂರನೆಯ ವಾರ, ಒಣಗಿದ ಬಟ್ಟೆಗಳನ್ನು ಮಡಿಸುವ ತನಕ ಇರಲಿ ಎಂದು ಆ ಕುರ್ಚಿಯ ಮೇಲೆ ಹಾಕಿದೆವು. ಅಂದಿನಿಂದ ಅದು ಬಟ್ಟೆಯ ಕುರ್ಚಿಯೇ ಆಗಿಬಿಟ್ಟಿದೆ.

ಓದುವ ಅಭ್ಯಾಸ ತಪ್ಪಿಲ್ಲ. ದಿನಕ್ಕೆ ಮುಕ್ಕಾಲು ಗಂಟೆಯಾದರೂ ಓದುತ್ತೇನೆ. ಆದರೆ ಓದುವುದು ಮಂಚಕ್ಕೂ ಕಿಟಕಿಗೂ ನಡುವೆ ಇರುವ ಎರಡೂವರೆ ಅಡಿ ಸಂದಿಯಲ್ಲಿ, ನೆಲದ ಮೇಲೆ, ಮಂಚದ ಪಕ್ಕೆಗೆ ಬೆನ್ನು ಕೊಟ್ಟು ಕುಳಿತು. ರಾತ್ರಿಯಾದರೆ ಕೋಣೆಯ ಹೊರಗಿನ ಕಾರಿಡಾರಿನ ದೀಪ ಬಾಗಿಲಿನ ಮೂಲಕ ಎಷ್ಟು ಒಳಗೆ ಬರುತ್ತದೆಯೋ ಅಷ್ಟರಲ್ಲೇ ಪುಟಗಳನ್ನು ಓರೆಯಾಗಿ ಹಿಡಿದು ಓದುತ್ತೇನೆ. ಅರ್ಧ ಗಂಟೆಯಲ್ಲಿ ಕುತ್ತಿಗೆ ಹಿಡಿದುಕೊಳ್ಳುತ್ತದೆ, ಕಣ್ಣು ಉರಿಯುತ್ತದೆ. ಆದರೂ ಕಾಲು ಆ ಕುರ್ಚಿಯ ಕಡೆಗೆ ಹೋಗುವುದಿಲ್ಲ.

ಇದು ಬಾಡಿಗೆ ಮನೆ. ಗೋಡೆಗೆ ರಂಧ್ರ ಕೊರೆಯುವಂತಿಲ್ಲ, ವೈರಿಂಗ್ ಬದಲಾಯಿಸುವಂತಿಲ್ಲ. ಪ್ರತ್ಯೇಕ ಕೋಣೆಯ ಮಾತಂತೂ ಇಲ್ಲವೇ ಇಲ್ಲ. ನನಗೆ ವಯಸ್ಸು ನಲವತ್ತಾರು, ಓದುವಾಗ ಕನ್ನಡಕ ಬೇಕು. ಈಗ ಇರುವ ಮೂಲೆಯನ್ನೇ ಸರಿಪಡಿಸಬೇಕೆ, ಅಥವಾ ಅದನ್ನು ಕೈಬಿಟ್ಟು ಬೇರೆ ಕಡೆ ಮಾಡಬೇಕೆ? ದೀಪ ಎಂಥದ್ದಿರಬೇಕು? ಕುರ್ಚಿಯದ್ದೇ ತಪ್ಪಿರಬಹುದೆ? ಅನುಭವವಿರುವವರು ದಯವಿಟ್ಟು ತಿಳಿಸಿ.

ಉತ್ತರ 1

ನಿಮ್ಮ ಪ್ರಶ್ನೆಯಲ್ಲಿಯೇ ಉತ್ತರವಿದೆ ಎಂದು ನನಗೆ ಅನ್ನಿಸುತ್ತದೆ. ನೀವು ಓದುವ ಜಾಗ ಈಗಾಗಲೇ ಮಂಚಕ್ಕೂ ಕಿಟಕಿಗೂ ನಡುವೆ ತಾನಾಗಿಯೇ ಹುಟ್ಟಿಕೊಂಡಿದೆ. ಸೌಕರ್ಯಗಳು ಮಾತ್ರ ಇನ್ನೊಂದು ಮೂಲೆಯಲ್ಲಿ ಉಳಿದುಬಿಟ್ಟಿವೆ. ಜಾಗವನ್ನು ಸೌಕರ್ಯದ ಹತ್ತಿರಕ್ಕೆ ಎಳೆಯುವ ಬದಲು ಸೌಕರ್ಯವನ್ನೇ ಜಾಗದ ಹತ್ತಿರಕ್ಕೆ ಒಯ್ಯಿರಿ.

ನಾನೂ ಇದೇ ತಪ್ಪು ಮಾಡಿದವನು. ನಮ್ಮ ಮನೆಯಲ್ಲಿ ಎಲ್ಲಕ್ಕಿಂತ ನಿಶ್ಶಬ್ದವಾದ ಜಾಗ ಹಿಂಭಾಗದ ಸಣ್ಣ ಕೋಣೆ. ಓದಿಗೆ ಬೇಕಾದದ್ದು ನಿಶ್ಶಬ್ದ ತಾನೆ ಎಂದುಕೊಂಡು ಅಲ್ಲಿ ಕುರ್ಚಿ, ಮೇಜು, ದೀಪ ಎಲ್ಲವನ್ನೂ ಇಟ್ಟೆ. ಒಂದು ತಿಂಗಳಲ್ಲಿ ಅಲ್ಲಿ ಧೂಳು ಕೂತಿತು. ಕಾರಣ ತಿಳಿಯಲು ನನಗೆ ಬಹಳ ದಿನ ಬೇಕಾಯಿತು: ಆ ಕೋಣೆಯಲ್ಲಿ ಕುಳಿತರೆ ಮನೆಯವರು ಎಲ್ಲಿದ್ದಾರೆ, ಏನು ಮಾಡುತ್ತಿದ್ದಾರೆ, ಒಲೆಯ ಮೇಲೆ ಇಟ್ಟದ್ದು ಉಕ್ಕುತ್ತಿದೆಯೋ ಎಂಬುದು ಯಾವುದೂ ಗೊತ್ತಾಗುತ್ತಿರಲಿಲ್ಲ, ಆದ್ದರಿಂದ ಹತ್ತು ನಿಮಿಷಕ್ಕೊಮ್ಮೆ ನಾನೇ ಎದ್ದು ಹೋಗಿ ನೋಡಿ ಬರುತ್ತಿದ್ದೆ. ಈಗ ಓದುವುದು ನಡುಮನೆಯ ಬಾಗಿಲಿನ ಪಕ್ಕದ ಗೋಡೆಗೆ ಒರಗಿ. ಅಲ್ಲಿ ಸದ್ದು ಇದೆ, ಓಡಾಟ ಇದೆ. ಆದರೆ ಎಲ್ಲವೂ ಕಣ್ಣಂಚಿನಲ್ಲೇ ಇರುವುದರಿಂದ ಮನಸ್ಸು ಪುಟದ ಮೇಲೆ ನಿಲ್ಲುತ್ತದೆ.

ಜೇ ಆಪಲ್ಟನ್ ಎಂಬ ಇಂಗ್ಲೆಂಡಿನ ಭೂಗೋಳಶಾಸ್ತ್ರಜ್ಞರು 1975ರಲ್ಲಿ ಒಂದು ವಿಚಾರ ಮುಂದಿಟ್ಟರು: ತನ್ನನ್ನು ಯಾರೂ ಸುಲಭವಾಗಿ ಕಾಣದಂತೆ ಮರೆಯೂ ಇರಬೇಕು, ಸುತ್ತಲಿನದೆಲ್ಲ ತನಗೆ ಕಾಣುವಂತೆ ನೋಟವೂ ಇರಬೇಕು, ಅಂಥ ಜಾಗ ಮನುಷ್ಯನಿಗೆ ಹಿತವೆನಿಸುತ್ತದೆ ಎಂದು. ಅವರು ಹೇಳಿದ್ದು ಭೂದೃಶ್ಯಗಳ ಬಗ್ಗೆ, ಆದರೆ ಮನೆಯೊಳಗಿನ ಮೂಲೆಗೂ ಅದು ಹೊಂದುತ್ತದೆ. ನಿಮ್ಮ ಸಂದಿಯನ್ನೇ ನೋಡಿ: ಬೆನ್ನಿಗೆ ಮಂಚ, ಎದುರಿಗೆ ಕಿಟಕಿ, ಪಕ್ಕಕ್ಕೆ ಕಣ್ಣು ಹೊರಳಿಸಿದರೆ ಬಾಗಿಲು. ನಿಮ್ಮ ಕುರ್ಚಿ ಯಾವ ಕಡೆಗೆ ಮುಖ ಮಾಡಿದೆ ಎಂದು ನೀವು ಬರೆದಿಲ್ಲ. ಬಾಗಿಲಿಗೆ ಬೆನ್ನು ಮಾಡಿ ಕುಳಿತುಕೊಳ್ಳುವಂತಿದ್ದರೆ ನನಗೆ ಆಶ್ಚರ್ಯವೇನೂ ಆಗುವುದಿಲ್ಲ.

ಏನನ್ನಾದರೂ ಕೊಳ್ಳುವ ಮೊದಲು ಒಂದು ವಾರ ಒಂದು ಚೀಟಿಯನ್ನೇ ಪುಸ್ತಕದೊಳಗೆ ಗುರುತಾಗಿ ಇಟ್ಟುಕೊಂಡು, ಪ್ರತಿ ಸಲ ಓದು ಮುಗಿಸಿದಾಗ ಎಲ್ಲಿ ಕುಳಿತಿದ್ದಿರಿ, ಎಷ್ಟು ಹೊತ್ತು, ಯಾವ ಕಾರಣಕ್ಕೆ ಎದ್ದಿರಿ ಎಂಬ ಮೂರು ಸಂಗತಿಗಳನ್ನು ಬರೆಯಿರಿ. ಎದ್ದ ಕಾರಣಗಳ ಪಟ್ಟಿಯೇ ನೀವು ಮಾಡಬೇಕಾದ ಕೆಲಸಗಳ ಪಟ್ಟಿಯೂ ಆಗುತ್ತದೆ.

ಉತ್ತರ 2

ಮನೆಗಳಿಗೆ ದೀಪ ಜೋಡಿಸುವುದೇ ನನ್ನ ಕೆಲಸವಾದ್ದರಿಂದ ಬೆಳಕಿನ ಬಗ್ಗೆ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ. ಬೇರೆ ವಿಷಯಗಳನ್ನು ಉಳಿದವರಿಗೆ ಬಿಡುತ್ತೇನೆ.

ಮೊದಲನೆಯದಾಗಿ, ಕಪಾಟಿಗೆ ಸುತ್ತಿದ ದೀಪದ ಸರ ಓದುವ ದೀಪವಲ್ಲ. ಅದು ಕೋಣೆಯನ್ನು ಚೆಂದವಾಗಿ ಕಾಣಿಸುತ್ತದೆ, ಪುಟವನ್ನು ಬೆಳಗುವುದಿಲ್ಲ. ಪುಟದ ಮೇಲೆ ಬೀಳುವ ಬೆಳಕನ್ನು ಲಕ್ಸ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ಆರಾಮವಾಗಿ ಓದಲು 300ರಿಂದ 500 ಲಕ್ಸ್ ಇರಬೇಕೆಂಬುದು ಸಾಮಾನ್ಯವಾಗಿ ಒಪ್ಪಿತವಾದ ಮಟ್ಟ. ಹೆಚ್ಚಿನ ಮನೆಗಳಲ್ಲಿ ರಾತ್ರಿ ಚಾವಣಿಯ ದೀಪವೊಂದನ್ನೇ ಹಚ್ಚಿದಾಗ ಕುರ್ಚಿಯಲ್ಲಿ ಕುಳಿತವರ ಮಡಿಲಿಗೆ ಅದರ ಅರ್ಧವೂ ತಲುಪುವುದಿಲ್ಲ. ಮೊಬೈಲಿನಲ್ಲಿ ಬೆಳಕು ಅಳೆಯುವ ಆ್ಯಪ್‌ಗಳು ಸಿಗುತ್ತವೆ, ಅವು ಪೂರಾ ನಿಖರವಲ್ಲದಿದ್ದರೂ ಎರಡು ಜಾಗಗಳನ್ನು ಹೋಲಿಸಿ ನೋಡುವುದಕ್ಕೆ ಸಾಕು. ಕುರ್ಚಿಯಲ್ಲಿ ಒಮ್ಮೆ, ನಿಮ್ಮ ಸಂದಿಯಲ್ಲಿ ಒಮ್ಮೆ, ಪುಸ್ತಕ ಹಿಡಿಯುವ ಜಾಗದಲ್ಲಿ ಮೊಬೈಲ್ ಇಟ್ಟು ನೋಡಿ.

ಬಲ್ಬು ದೊಡ್ಡದಾದರೆ ಬೆಳಕು ಹೆಚ್ಚಾಗುತ್ತದೆ ಎಂದು ಎಲ್ಲರೂ ಭಾವಿಸುತ್ತಾರೆ. ಅದು ಸುಳ್ಳಲ್ಲ, ಆದರೆ ದೂರದ ಮುಂದೆ ಬಲ್ಬಿನ ಗಾತ್ರ ಲೆಕ್ಕಕ್ಕೇ ಬರುವುದಿಲ್ಲ. ದೀಪದಿಂದ ಪುಟಕ್ಕಿರುವ ದೂರ ಎರಡರಷ್ಟಾದರೆ ಬೆಳಕು ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಎರಡು ಮೀಟರ್ ಎತ್ತರದಲ್ಲಿರುವ ಬಲ್ಬನ್ನೇ ಅರ್ಧ ಮೀಟರ್ ಹತ್ತಿರಕ್ಕೆ ತಂದರೆ, ಗೋಡೆಗಳಿಂದ ಪ್ರತಿಫಲಿಸಿ ಬರುವ ಬೆಳಕನ್ನು ಬದಿಗಿಟ್ಟರೆ, ಪುಟಕ್ಕೆ ನೇರವಾಗಿ ಸಿಗುವುದು ಹದಿನಾರು ಪಟ್ಟು. ಆದ್ದರಿಂದ ನಿಮಗೆ ವೈರಿಂಗ್ ಬದಲಾಯಿಸುವ ಅಗತ್ಯವೇ ಇಲ್ಲ. ಪ್ಲಗ್ಗಿಗೆ ಸಿಕ್ಕಿಸುವ ಒಂದು ಸ್ಟ್ಯಾಂಡ್ ಲ್ಯಾಂಪನ್ನೋ ಮಂಚದ ತಲೆಹಲಗೆಗೆ ಕಚ್ಚಿಸುವ ಕ್ಲಿಪ್ ಲ್ಯಾಂಪನ್ನೋ ಪುಸ್ತಕದಿಂದ ಅರ್ಧ ಮೀಟರಿನ ಆಸುಪಾಸಿನಲ್ಲಿ ಬರುವಂತೆ ಇಟ್ಟರೆ ಸಾಕು. ಸುಮಾರು 800 ಲ್ಯುಮೆನ್ ಕೊಡುವ ಬಲ್ಬು, ಅಂದರೆ ಹಳೆಯ 60 ವ್ಯಾಟ್ ಬಲ್ಬಿಗೆ ಸಮನಾದ 8ರಿಂದ 10 ವ್ಯಾಟಿನ ಎಲ್‌ಇಡಿ, ಬೆಳಕನ್ನು ಕೆಳಗೆ ಕೂಡಿಸುವ ಟೋಪಿಯ ಕೆಳಗಿದ್ದರೆ ಒಬ್ಬರ ಓದಿಗೆ ಧಾರಾಳವಾಗುತ್ತದೆ.

ದೀಪ ಭುಜದ ಹಿಂದಿನಿಂದ, ಸ್ವಲ್ಪ ಪಕ್ಕಕ್ಕೆ ಬರಬೇಕು. ನೇರವಾಗಿ ನೆತ್ತಿಯ ಮೇಲಿದ್ದರೆ ತಲೆಯ ನೆರಳು ಪುಟದ ಮೇಲೆ ಕೂರುತ್ತದೆ. ಎದುರಿಗಿದ್ದರೆ ನುಣುಪಾದ ಕಾಗದದಲ್ಲಿ ಬೆಳಕು ಪ್ರತಿಫಲಿಸಿ ಸಾಲಿನ ನಡುವೆ ಬಿಳಿಯ ಮಚ್ಚೆಯೊಂದು ಕುಣಿಯುತ್ತದೆ. ಓದುತ್ತ ಓದುತ್ತ ಗುರುತು ಹಾಕುವ, ಟಿಪ್ಪಣಿ ಬರೆಯುವ ಅಭ್ಯಾಸವಿದ್ದು ನೀವು ಬಲಗೈಯವರಾಗಿದ್ದರೆ ದೀಪ ಎಡಭುಜದ ಕಡೆಗಿರಲಿ. ಟೋಪಿಯ ಕೆಳಗಿನ ಅಂಚು, ಕುಳಿತಾಗ ನಿಮ್ಮ ಕಣ್ಣಿನ ಮಟ್ಟಕ್ಕೆ ಬರುವಂತೆ ನೋಡಿಕೊಳ್ಳಿ. ಅದಕ್ಕಿಂತ ಮೇಲಿದ್ದರೆ ಬಲ್ಬು ಕಣ್ಣಿಗೆ ಹೊಡೆಯುತ್ತದೆ, ತೀರ ಕೆಳಗಿದ್ದರೆ ಬೆಳಕಿನ ವೃತ್ತ ಚಿಕ್ಕದಾಗುತ್ತದೆ. ಕುರ್ಚಿಯಲ್ಲಿ ಕುಳಿತವರಿಗೆ ಇದು ನೆಲದಿಂದ ಒಂದು ಮೀಟರಿಗಿಂತ ತುಸು ಮೇಲೆ ಬರುತ್ತದೆ. ನೆಲದ ಮೇಲೆ ಕುಳಿತವರಿಗೆ ಅದಕ್ಕಿಂತ ಬಹಳ ಕೆಳಗೆ. ನೆಲದ ಮೇಲೆ ಓದುವವರು ಕುರ್ಚಿಗೆಂದು ಮಾಡಿದ ಸ್ಟ್ಯಾಂಡ್ ಲ್ಯಾಂಪ್ ತಂದು ಆಮೇಲೆ ಪೇಚಾಡುವುದು ಇದೇ ಕಾರಣಕ್ಕೆ.

ಬಣ್ಣದ ವಿಷಯ. ಬಲ್ಬಿನ ಡಬ್ಬಿಯ ಮೇಲೆ 2700 ಕೆಲ್ವಿನ್ ಎಂದಿದ್ದರೆ ಅದು ಹಳದಿ ಛಾಯೆಯ ಬೆಚ್ಚನೆಯ ಬೆಳಕು, 4000 ಎಂದಿದ್ದರೆ ನಡುವಿನದು, 6500 ಎಂದಿದ್ದರೆ ನೀಲಿ ಛಾಯೆಯ ಬಿಳಿ. ಸಂಜೆಯ ನಂತರ ಓದುವವರಿಗೆ ನಾನು 2700ರಿಂದ 3000ದ ಒಳಗಿನದನ್ನೇ ಹೇಳುತ್ತೇನೆ, ಏಕೆಂದರೆ ನೀಲಿ ಅಂಶ ಹೆಚ್ಚಿರುವ ಬೆಳಕು ನಿದ್ದೆ ಬರಿಸುವ ಮೆಲಟೋನಿನ್ ಎಂಬ ಹಾರ್ಮೋನನ್ನು ತಡೆಹಿಡಿಯುತ್ತದೆ. ಬಣ್ಣಗಳನ್ನು ಎಷ್ಟು ಸಹಜವಾಗಿ ತೋರಿಸುತ್ತದೆ ಎಂಬುದನ್ನು ಹೇಳುವ ಸಿಆರ್‌ಐ ಎಂಬ ಸಂಖ್ಯೆಯೂ ಡಬ್ಬಿಯ ಮೇಲಿರುತ್ತದೆ. ಕಪ್ಪು ಅಕ್ಷರ ಓದಲು 80 ಸಾಕು, ಚಿತ್ರಗಳ ಪುಸ್ತಕ ನೋಡುವವರು 90 ದಾಟಿದ್ದನ್ನು ತರಲಿ.

ನಿಮ್ಮ ಕಣ್ಣುರಿಗೆ ಇನ್ನೊಂದು ಕಾರಣವೂ ಇದ್ದೀತು. ಕಳಪೆ ಎಲ್‌ಇಡಿಗಳು ವಿದ್ಯುತ್ತಿನ ಲಯಕ್ಕೆ ತಕ್ಕಂತೆ ಸೆಕೆಂಡಿಗೆ 100 ಸಲ, 60 ಹರ್ಟ್ಸ್ ವಿದ್ಯುತ್ ಇರುವ ದೇಶಗಳಲ್ಲಿ 120 ಸಲ, ಮಿನುಗುತ್ತವೆ. ಕಣ್ಣಿಗೆ ಅದು ಕಾಣುವುದಿಲ್ಲ, ಆದರೆ ಕೆಲವರಿಗೆ ತಲೆನೋವು, ಕಣ್ಣಿನ ಆಯಾಸ ಬರುತ್ತದೆ. ಮೊಬೈಲ್ ಕ್ಯಾಮೆರಾವನ್ನು ಸ್ಲೋ ಮೋಷನ್‌ಗೆ ಹಾಕಿ ದೀಪವನ್ನು ಚಿತ್ರಿಸಿ. ಬೆಳಕು ಬಡಿದುಕೊಳ್ಳುತ್ತಿರುವಂತೆ ಕಂಡರೆ ಆ ಬಲ್ಬನ್ನು ಕಾರಿಡಾರಿಗೆ ಬಿಡಿ, ಓದುವುದಕ್ಕೆ ಬೇಡ.

ಕೊನೆಯದಾಗಿ ವಯಸ್ಸು. ನಲವತ್ತರ ನಂತರ ಕಣ್ಣಿನ ಮಸೂರದ ಬಾಗುವ ಶಕ್ತಿ ಕುಗ್ಗುವುದು ಎಲ್ಲರಿಗೂ ಗೊತ್ತು. ಅಷ್ಟೇ ಅಲ್ಲ, ಪಾಪೆ ಕಿರಿದಾಗುತ್ತ, ಮಸೂರ ಹಳದಿಗಟ್ಟುತ್ತ ಹೋಗುವುದರಿಂದ ಅರುವತ್ತು ವರ್ಷದವರ ಅಕ್ಷಿಪಟಲಕ್ಕೆ ತಲುಪುವ ಬೆಳಕು ಇಪ್ಪತ್ತರವರಿಗೆ ತಲುಪುವುದರ ಸುಮಾರು ಮೂರನೆಯ ಒಂದು ಭಾಗ ಮಾತ್ರ. ಮಂದ ಬೆಳಕಿನಲ್ಲಿ ಓದಿದರೆ ಕಣ್ಣು ಶಾಶ್ವತವಾಗಿ ಹಾಳಾಗುತ್ತದೆ ಎಂಬ ಮಾತಿಗೆ ಆಧಾರವಿಲ್ಲ, ಆದರೆ ಆಯಾಸ ಖಂಡಿತ ಆಗುತ್ತದೆ. ನಲವತ್ತಾರಕ್ಕೆ ಕಾರಿಡಾರಿನ ಬೆಳಕಿನಲ್ಲಿ ಮುಕ್ಕಾಲು ಗಂಟೆ ಓದುತ್ತೀರೆಂದರೆ ನಿಮ್ಮ ಹಟವನ್ನು ಮೆಚ್ಚಬೇಕು.

ಇದರ ಜೊತೆಗೆ ಓದುವ ದೀಪವೊಂದನ್ನೇ ಹಚ್ಚಿ ಉಳಿದ ಕೋಣೆಯನ್ನು ಪೂರ್ತಿ ಕತ್ತಲು ಮಾಡಬೇಡಿ. ಪುಟದಿಂದ ಕಣ್ಣೆತ್ತಿದಾಗಲೆಲ್ಲ ಪಾಪೆ ಹಿಗ್ಗಬೇಕು, ಮತ್ತೆ ಪುಟಕ್ಕೆ ಬಂದಾಗ ಕುಗ್ಗಬೇಕು. ನಿಮ್ಮ ದೀಪದ ಸರಕ್ಕೆ ಇಲ್ಲಿ ಒಂದು ಒಳ್ಳೆಯ ಕೆಲಸ ಸಿಗುತ್ತದೆ: ಅದು ಹಿನ್ನೆಲೆಯ ಬೆಳಕಾಗಿ ಇರಲಿ.

ಉತ್ತರ 3

ಮೇಲಿನ ಇಬ್ಬರ ಮಾತನ್ನೂ ಒಪ್ಪುತ್ತೇನೆ, ಆದರೆ ಕುರ್ಚಿಯನ್ನು ಇಷ್ಟು ಬೇಗ ಕೈಬಿಡಬಾರದು. ನೆಲದ ಮೇಲೆ ಕುಳಿತು ಓದುವುದು ನಲವತ್ತಾರಕ್ಕೆ ಸರಿ, ಅರುವತ್ತೈದಕ್ಕೆ ಏಳುವಾಗ ತಿಳಿಯುತ್ತದೆ. ಒಮ್ಮೆ ಯಾರದೋ ಮಾತು ಕೇಳಿ ಕಾಳು ತುಂಬಿದ ಬೀನ್ ಬ್ಯಾಗ್ ಒಂದನ್ನು ತಂದೆ. ಅದರಲ್ಲಿ ಕೂರುವುದು ಬಹಳ ಸುಖ. ಏಳಬೇಕೆಂದರೆ ಮೊದಲು ಪಕ್ಕಕ್ಕೆ ಉರುಳಿ, ಮಂಡಿಯೂರಿ, ಆಮೇಲೆ ಗೋಡೆ ಹಿಡಿಯಬೇಕು. ಮೊಮ್ಮಗಳು ಅದನ್ನು ನೋಡಿ ನಕ್ಕಳು. ಈಗ ಅದು ಅವಳದು.

ಮೆತ್ತನೆಯ ದೊಡ್ಡ ಕುರ್ಚಿ ಎಂದು ಬರೆದಿದ್ದೀರಿ. ನನ್ನ ಅನುಮಾನ ಅದರ ದೊಡ್ಡತನದ ಮೇಲೆಯೇ. ಬೆನ್ನನ್ನು ಹಿಂದಿನ ಒರಗಿಗೆ ಪೂರ್ತಿ ತಾಗಿಸಿ ಕುಳಿತುಕೊಳ್ಳಿ. ಈಗ ಮಂಡಿಯ ಹಿಂಭಾಗಕ್ಕೂ ಆಸನದ ಮುಂದಿನ ಅಂಚಿಗೂ ನಡುವೆ ಎರಡು ಮೂರು ಬೆರಳು ಹೋಗುತ್ತವೆಯೆ? ಹೋಗದಿದ್ದರೆ ಆಸನದ ಆಳ ನಿಮ್ಮ ತೊಡೆಗಿಂತ ಹೆಚ್ಚಾಗಿದೆ ಎಂದು ಅರ್ಥ. ಆಗ ಗೊತ್ತಿಲ್ಲದಂತೆಯೇ ಮುಂದಕ್ಕೆ ಜಾರುತ್ತೀರಿ, ಸೊಂಟದ ಹಿಂದೆ ಟೊಳ್ಳು ಉಳಿಯುತ್ತದೆ, ಬೆನ್ನು ಬಿಲ್ಲಿನಂತೆ ಬಾಗುತ್ತದೆ. ಸೊಂಟದ ಹಿಂದೆ ಗಟ್ಟಿಯಾದ ದಿಂಬೊಂದನ್ನು ಇಟ್ಟರೆ ಆಳವೂ ಕಡಿಮೆಯಾಗುತ್ತದೆ, ಟೊಳ್ಳೂ ತುಂಬುತ್ತದೆ. ಹತ್ತಿಯ ಮೆತ್ತನೆಯ ದಿಂಬು ಬೇಡ. ಹತ್ತು ನಿಮಿಷದಲ್ಲಿ ಅದು ಚಪ್ಪಟೆಯಾಗುತ್ತದೆ. ಪಾದಗಳು ನೆಲಕ್ಕೆ ಪೂರ್ತಿ ತಾಗದಿದ್ದರೆ ಕೆಳಗೊಂದು ಮಣೆ ಇಡಿ. ಸಾಮಾನ್ಯ ಎತ್ತರದವರಿಗೆ 40ರಿಂದ 45 ಸೆಂಟಿಮೀಟರ್ ಎತ್ತರದ ಆಸನ ಹೊಂದುತ್ತದೆ. ಒರಗು ನೆಟ್ಟಗೆ ನಿಂತಿರದೆ ಸ್ವಲ್ಪ ಹಿಂದಕ್ಕೆ, 100ರಿಂದ 110 ಡಿಗ್ರಿಯಷ್ಟು, ವಾಲಿದ್ದರೆ ಬೆನ್ನಿನ ಮೇಲಿನ ಭಾರ ಕಡಿಮೆಯಾಗುತ್ತದೆ.

ಕುತ್ತಿಗೆ ನೋವಿಗೆ ಮಾತ್ರ ಕುರ್ಚಿಯೂ ಕಾರಣವಲ್ಲ, ನೆಲವೂ ಕಾರಣವಲ್ಲ, ಪುಸ್ತಕ ಇರುವ ಜಾಗ ಕಾರಣ. ವಯಸ್ಕರ ತಲೆ ಸುಮಾರು ಐದು ಕಿಲೋ ತೂಗುತ್ತದೆ. ಪುಸ್ತಕವನ್ನು ಮಡಿಲಲ್ಲಿಟ್ಟು ಬಗ್ಗಿ ಓದಿದರೆ ಅಷ್ಟು ಭಾರವನ್ನು ಕುತ್ತಿಗೆಯ ಹಿಂದಿನ ಸ್ನಾಯುಗಳು ಹಿಡಿದು ನಿಲ್ಲಿಸಬೇಕಾಗುತ್ತದೆ. ತಲೆ ಪುಸ್ತಕದ ಕಡೆಗೆ ಇಳಿಯಬಾರದು, ಪುಸ್ತಕ ತಲೆಯ ಕಡೆಗೆ ಏರಬೇಕು. ಮಡಿಲಲ್ಲಿ ದಪ್ಪನೆಯ ದಿಂಬು ಇಟ್ಟು, ಅದರ ಮೇಲೆ ಮೊಣಕೈಗಳನ್ನೂರಿ, ಪುಸ್ತಕವನ್ನು ಕಣ್ಣಿನಿಂದ 35ರಿಂದ 40 ಸೆಂಟಿಮೀಟರ್ ದೂರದಲ್ಲಿ ಹಿಡಿದರೆ ಕುತ್ತಿಗೆ ಅರ್ಧಕ್ಕರ್ಧ ನೆಟ್ಟಗಾಗುತ್ತದೆ. ನೆಲದಲ್ಲೇ ಕೂರುತ್ತೇನೆ ಎನ್ನುವುದಾದರೆ, ಮಂಚದ ಪಕ್ಕೆಯ ಮರದ ಅಂಚು ಬೆನ್ನಿಗೆ ಒತ್ತದಂತೆ ಒಂದು ಲೋಡು, ಕುಳಿತುಕೊಳ್ಳಲು ಎರಡು ಪದರ ಮಡಿಸಿದ ದಪ್ಪ ಜಮಖಾನ, ಮಂಡಿಗಳ ಕೆಳಗೆ ಸುತ್ತಿದ ಟವೆಲ್ ಇಷ್ಟು ಸಾಕು. ಯಾವ ಭಂಗಿಯೂ ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಒಳ್ಳೆಯದಲ್ಲ ಎಂಬುದನ್ನೂ ಸೇರಿಸಿಬಿಡುತ್ತೇನೆ. ಅಧ್ಯಾಯ ಮುಗಿದಾಗಲೊಮ್ಮೆ ಎದ್ದು ಕಿಟಕಿಯಿಂದ ದೂರಕ್ಕೆ ನೋಡಿದರೆ ಕಣ್ಣಿಗೂ ಬಿಡುವು ಸಿಗುತ್ತದೆ.

ಫ್ಯಾನು ಅಥವಾ ಎ.ಸಿ. ಗಾಳಿ ನೇರವಾಗಿ ಮುಖಕ್ಕೆ ಬೀಸುತ್ತಿದ್ದರೆ ಕಣ್ಣಿನ ನೀರು ಆರುತ್ತದೆ. ಕಣ್ಣುರಿ ಎಂದಿರಲ್ಲ, ಅದನ್ನೂ ಒಮ್ಮೆ ನೋಡಿಕೊಳ್ಳಿ.

ಉತ್ತರ 4

ನನ್ನದು ಚಿಕ್ಕ ಮಾತು, ಸ್ವಲ್ಪ ಖಾರವಾಗಿಯೂ ಇರಬಹುದು. ಓದುವ ಮೂಲೆಯ ಚಿತ್ರಗಳಲ್ಲಿ ಎಲ್ಲವೂ ಇರುತ್ತವೆ: ಹೊದಿಕೆ, ಕುಂಡ, ಮೇಣದ ಬತ್ತಿ, ಹಬೆಯಾಡುವ ಲೋಟ. ಮೊಬೈಲ್ ಚಾರ್ಜರ್ ಮಾತ್ರ ಯಾವ ಚಿತ್ರದಲ್ಲೂ ಇರುವುದಿಲ್ಲ. ನಮ್ಮ ಮನೆಯಲ್ಲಿ ಅದು ಕುರ್ಚಿಯ ಪಕ್ಕದ ಪ್ಲಗ್ಗಿನಲ್ಲೇ ಇತ್ತು, ಹಾಗಾಗಿ ಆ ಕುರ್ಚಿ ಮೊಬೈಲ್ ನೋಡುವ ಕುರ್ಚಿಯಾಯಿತು. ಚಾರ್ಜರನ್ನು ಊಟದ ಕೋಣೆಗೆ ಒಯ್ದು, ಆ ಪ್ಲಗ್ಗಿಗೆ ಓದುವ ದೀಪವನ್ನು ಸಿಕ್ಕಿಸಿದೆ. ಬೇರೇನನ್ನೂ ಬದಲಾಯಿಸಲಿಲ್ಲ. ಎರಡು ತಿಂಗಳಲ್ಲಿ, ಎರಡು ವರ್ಷದಿಂದ ಅರ್ಧಕ್ಕೆ ನಿಂತಿದ್ದ ಮೂರು ಪುಸ್ತಕಗಳು ಮುಗಿದವು.

ಇನ್ನೊಂದು ಸಂಗತಿ. ಬಟ್ಟೆ ಹಾಕಲು ಬೇರೆ ಬುಟ್ಟಿಯೋ ಗೂಟವೋ ಇಲ್ಲದ ಕೋಣೆಯಲ್ಲಿ ಯಾವ ಕುರ್ಚಿಯೂ ಕುರ್ಚಿಯಾಗಿ ಉಳಿಯುವುದಿಲ್ಲ. ಮೊದಲು ಬುಟ್ಟಿ ತನ್ನಿ.

ಉತ್ತರ 5

ಪುಸ್ತಕಗಳ ಕಡೆಯಿಂದಲೂ ಯಾರಾದರೂ ಮಾತನಾಡಬೇಕಲ್ಲವೆ? ಓದುವ ಜಾಗದಲ್ಲಿ ಇರಬೇಕಾದದ್ದು ಇಡೀ ಕಪಾಟಲ್ಲ, ಈಗ ಓದುತ್ತಿರುವ ನಾಲ್ಕಾರು ಪುಸ್ತಕಗಳು. ಕೈ ಚಾಚಿದರೆ ಸಿಗುವಂತೆ, ಬೆನ್ನುಗಳ ಬದಲು ಮುಖಪುಟ ಕಾಣುವಂತೆ ಇಟ್ಟರೆ ಅರ್ಧಕ್ಕೆ ಬಿಟ್ಟದ್ದು ನೆನಪಾಗುತ್ತಿರುತ್ತದೆ. ಕಪಾಟು ಎಲ್ಲಿದ್ದರೂ ನಡೆಯುತ್ತದೆ. ಮಕ್ಕಳಿರುವ ಮನೆಯಲ್ಲಂತೂ ಮುಖಪುಟ ಕಾಣುವುದೇ ಮುಖ್ಯ, ಏಕೆಂದರೆ ಓದು ಬಾರದವರು ಪುಸ್ತಕವನ್ನು ಗುರುತಿಸುವುದು ಚಿತ್ರದಿಂದ.

ಕಿಟಕಿಯ ಪಕ್ಕ ಓದುತ್ತೀರಿ ಎಂದು ಪುಸ್ತಕಗಳನ್ನೂ ಕಿಟಕಿಯ ಪಕ್ಕಕ್ಕೆ ಒಯ್ಯಬೇಡಿ. ನೇರ ಬಿಸಿಲಿನಲ್ಲಿರುವ ಅತಿನೇರಳೆ ಕಿರಣಗಳು ರಟ್ಟಿನ ಬಣ್ಣವನ್ನು ತಿನ್ನುತ್ತವೆ. ಅಗ್ಗದ ಕಾಗದದಲ್ಲಿ ಉಳಿದಿರುವ ಲಿಗ್ನಿನ್ ಎಂಬ ಮರದ ಅಂಶ ಬೆಳಕಿಗೂ ಗಾಳಿಗೂ ಹಳದಿಗಟ್ಟುತ್ತದೆ. ನನ್ನ ಕಪಾಟಿನ ಒಂದು ಸಾಲಿನಲ್ಲಿ ಕೆಂಪು ಬೆನ್ನಿನ ಪುಸ್ತಕಗಳೆಲ್ಲ ನಾಲ್ಕು ವರ್ಷದಲ್ಲಿ ಗುಲಾಬಿಯಾಗಿವೆ, ಹೊರಗೆ ತೆಗೆದು ನೋಡಿದರೆ ಮುಖಪುಟ ಮಾತ್ರ ಇನ್ನೂ ಕೆಂಪಾಗಿಯೇ ಇದೆ. ಹೊರಗೋಡೆಗೆ ಕಪಾಟನ್ನು ಅಂಟಿಸಿ ಇಟ್ಟಿದ್ದರೆ ಮೂರು ನಾಲ್ಕು ಬೆರಳಿನಷ್ಟಾದರೂ ಮುಂದಕ್ಕೆ ಎಳೆಯಿರಿ. ಗೋಡೆಯ ತೇವ ಹಿಂಭಾಗದಲ್ಲಿ ನಿಂತರೆ ಬೂಷ್ಟು ಹಿಡಿಯುತ್ತದೆ, ತೇವವಿದ್ದಲ್ಲಿ ಕಾಗದ ತಿನ್ನುವ ಬೆಳ್ಳಿಬಣ್ಣದ ಹುಳುಗಳೂ ಬರುತ್ತವೆ. ಗಾಳಿಯ ತೇವಾಂಶ ಶೇಕಡ 65ರಿಂದ 70ನ್ನು ದಾಟಿ ಬಹಳ ದಿನ ನಿಂತರೆ ಬೂಷ್ಟಿಗೆ ಹಬ್ಬ. 45ರಿಂದ 55ರ ಒಳಗಿದ್ದರೆ ಪುಸ್ತಕಕ್ಕೆ ಕ್ಷೇಮ.

ಹಲಗೆ ಬಾಗುವುದನ್ನೂ ಗಮನಿಸಿ. ಒಂದು ಮೀಟರ್ ಉದ್ದದ ಸಾಲು ಪುಸ್ತಕ ಸುಲಭವಾಗಿ 20ರಿಂದ 30 ಕಿಲೋ ತೂಗುತ್ತದೆ. ದೀಪದ ಬಗ್ಗೆ ಬರೆದವರ ಹದಿನಾರು ಇಲ್ಲಿಯೂ ಬರುತ್ತದೆ: ಒಂದೇ ದಪ್ಪದ ಹಲಗೆಯ ಉದ್ದವನ್ನು ಎರಡರಷ್ಟು ಮಾಡಿ ಅಷ್ಟೇ ಒತ್ತೊತ್ತಾಗಿ ಪುಸ್ತಕ ತುಂಬಿದರೆ ಅದು ನಡುವೆ ಜಗ್ಗುವುದು ಹದಿನಾರು ಪಟ್ಟು. ಒತ್ತಿದ ಮರದ ಪುಡಿಯ ಹಲಗೆಯಾದರೆ ನಡುವೆ ಒಂದು ಆಸರೆ ಕೊಡಿ. ಗೋಡೆಗೆ ಸ್ಕ್ರೂ ಹಾಕುವಂತಿಲ್ಲವಾದ್ದರಿಂದ ಭಾರದ ಪುಸ್ತಕಗಳೆಲ್ಲ ಕೆಳಗಿನ ಖಾನೆಗಳಲ್ಲೇ ಇರಲಿ. ಮೇಲೆ ಭಾರವಿದ್ದರೆ ಕಪಾಟು ಮುಂದಕ್ಕೆ ಉರುಳುತ್ತದೆ, ಕುಳಿತವರ ತಲೆ ಅಲ್ಲಿಯೇ ಇರುತ್ತದೆ.

ಸದ್ದಿನ ಬಗ್ಗೆ ನೀವು ಕೇಳಿಲ್ಲ, ಆದರೂ ಒಂದು ವಾಕ್ಯ. ದಪ್ಪ ಪರದೆ, ಜಮಖಾನ, ತುಂಬಿದ ಕಪಾಟು ಇವು ಕೋಣೆಯೊಳಗಿನ ಪ್ರತಿಧ್ವನಿಯನ್ನು ಹೀರುತ್ತವೆಯೇ ಹೊರತು ಹೊರಗಿನ ಸದ್ದನ್ನು ತಡೆಯುವುದಿಲ್ಲ. ಅದಕ್ಕೆ ಬಾಗಿಲಿನ ಕೆಳಗಿನ, ಕಿಟಕಿಯ ಸುತ್ತಲಿನ ಸಂದುಗಳನ್ನು ಮುಚ್ಚುವುದೇ ದಾರಿ.

ಪ್ರಶ್ನೆ ಕೇಳಿದವರು

ಮೂರು ವಾರಗಳ ನಂತರ ಬರೆಯುತ್ತಿದ್ದೇನೆ. ಎಲ್ಲರಿಗೂ ಕೃತಜ್ಞತೆಗಳು. ಮೊದಲು ಒಂದು ವಾರ ಚೀಟಿಯಲ್ಲಿ ಬರೆದುಕೊಂಡೆ. ಒಂಬತ್ತು ಸಲ ಓದಿದ್ದರಲ್ಲಿ ಏಳು ಸಲ ಅದೇ ಸಂದಿ, ಎರಡು ಸಲ ಅಡುಗೆಮನೆಯ ಕಟ್ಟೆಯ ಪಕ್ಕ. ಕುರ್ಚಿ ಒಮ್ಮೆಯೂ ಇಲ್ಲ. ಎದ್ದ ಕಾರಣಗಳಲ್ಲಿ ನಾಲ್ಕು ಸಲ "ಕುತ್ತಿಗೆ", ಎರಡು ಸಲ "ಕನ್ನಡಕ ಎಲ್ಲಿ?", ಒಂದು ಸಲ "ಬಾಗಿಲು ಬಡಿದರು", ಉಳಿದ ಎರಡು ಸಲ ಮೊಬೈಲ್ ಎಂದು ಬರೆಯಲು ನಾಚಿಕೆಯಾಗುತ್ತದೆ. ಕುರ್ಚಿ ಯಾವ ಕಡೆಗಿದೆ ಎಂದು ಮೊದಲ ಉತ್ತರದವರು ಊಹಿಸಿದ್ದು ಸರಿಯೇ. ಕಪಾಟನ್ನೂ ಬಾಗಿಲನ್ನೂ ಬೆನ್ನ ಹಿಂದೆ ಬಿಟ್ಟು ಅದು ಬರಿಯ ಗೋಡೆಯನ್ನು ನೋಡುತ್ತಿತ್ತು. ಬೆರಳಿನ ಪರೀಕ್ಷೆಯನ್ನೂ ಮಾಡಿದೆ, ಬೆರಳಿರಲಿ ಕಾಗದವೂ ಹೋಗಲಿಲ್ಲ.

ಬೆಳಕು ಅಳೆದಾಗ ಕುರ್ಚಿಯಲ್ಲಿ 60 ಲಕ್ಸ್ ತೋರಿಸಿತು, ನನ್ನ ಸಂದಿಯಲ್ಲಿ ರಾತ್ರಿ ಬರೀ 11 ಲಕ್ಸ್. ಮಂಚದ ತಲೆಹಲಗೆಗೆ ಕ್ಲಿಪ್ ಲ್ಯಾಂಪೊಂದನ್ನು ಕಚ್ಚಿಸಿದ ಮೇಲೆ ಪುಟದ ಮೇಲೆ 400ರ ಆಸುಪಾಸು ಬರುತ್ತಿದೆ. ಲೋಡು, ಜಮಖಾನ, ಮಡಿಲಿಗೆ ದಿಂಬು ಎಲ್ಲವೂ ಬಂದಿವೆ. ಕನ್ನಡಕಕ್ಕೆ ಕಿಟಕಿಯ ಕಟ್ಟೆಯ ಮೇಲೆ ಒಂದು ಸಣ್ಣ ಡಬ್ಬಿ ಇಟ್ಟಿದ್ದೇನೆ. ಕುರ್ಚಿಯನ್ನು ಬಾಗಿಲ ಕಡೆಗೆ ತಿರುಗಿಸಿ, ಸೊಂಟಕ್ಕೆ ದಿಂಬು ಕೊಟ್ಟ ದಿನವೇ ನಮ್ಮ ಅತ್ತೆಯವರು ಬಂದು ಅದರಲ್ಲಿ ಕುಳಿತು ಪತ್ರಿಕೆ ಓದತೊಡಗಿದರು. ಬಟ್ಟೆಗೆ ಬುಟ್ಟಿ ತರಲೇಬೇಕಾಯಿತು.

ಒಂದು ತೊಂದರೆ ಉಳಿದಿದೆ. ರಾತ್ರಿ ಹತ್ತೂವರೆಯ ನಂತರ ಯಜಮಾನರು ಮಲಗುತ್ತಾರೆ. ಕ್ಲಿಪ್ ಲ್ಯಾಂಪಿನ ಬೆಳಕು ಮಂಚದ ಮೇಲೂ ಹರಡುತ್ತದೆ, ಅವರು ಮುಖದ ಮೇಲೆ ಹೊದಿಕೆ ಎಳೆದುಕೊಳ್ಳುತ್ತಾರೆ. ಇದಕ್ಕೇನಾದರೂ ಉಪಾಯವಿದೆಯೆ?

ಉತ್ತರ 2 ಬರೆದವರು

ಇದೆ. ದೀಪ ಈಗ ತಲೆಹಲಗೆಯ ಮೇಲೆ, ಅಂದರೆ ಮಲಗಿದವರ ಮುಖಕ್ಕಿಂತ ಎತ್ತರದಲ್ಲಿದೆ. ಆದ್ದರಿಂದ ಟೋಪಿಯನ್ನು ಎಷ್ಟು ತಿರುಗಿಸಿದರೂ ಸ್ವಲ್ಪ ಬೆಳಕು ಆ ಕಡೆಗೆ ಹೋಗಿಯೇ ಹೋಗುತ್ತದೆ. ಅದನ್ನು ಹಾಸಿಗೆಯ ಮಟ್ಟಕ್ಕಿಂತ ಕೆಳಗೆ ಇಳಿಸಿ. ಮಂಚದ ಪಕ್ಕೆಯ ಹಲಗೆಗೆ, ನಿಮ್ಮ ಭುಜದಿಂದ ಒಂದು ಗೇಣು ಹಿಂದಕ್ಕೆ ಕಚ್ಚಿಸಿದರೆ ಹಾಸಿಗೆಯೇ ಮರೆಯಾಗುತ್ತದೆ. ನೆಲದ ಮೇಲೆ ಕುಳಿತು ಓದುವವರಿಗೆ ಸಿಗುವ ಅನುಕೂಲ ಇದು, ಕುರ್ಚಿಯವರಿಗೆ ಸಿಗುವುದಿಲ್ಲ. ಬೆಳಕು ಮಡಿಲಿನ ದಿಂಬಿನ ಮೇಲೆ ಬೀಳುವಂತೆ ಕುತ್ತಿಗೆ ಬಗ್ಗುವ ದೀಪವಾದರೆ ಇನ್ನೂ ಒಳ್ಳೆಯದು. ಹೊದಿಕೆ, ಹಾಸಿಗೆಯ ಅಂಚು ಬಲ್ಬಿಗೆ ತಾಗದಂತೆ ಎಚ್ಚರ ವಹಿಸಿ.

ಎದುರಿಗಿರುವ ಕಿಟಕಿಯ ಗಾಜನ್ನೂ ಮರೆಯಬೇಡಿ. ರಾತ್ರಿ ಅದು ಕನ್ನಡಿಯಂತೆ ಬೆಳಕನ್ನು ಮಂಚದ ಕಡೆಗೆ ತಿರುಗಿಸಿ ಕಳಿಸುತ್ತದೆ. ಓದಲು ಕೂರುವ ಮೊದಲು ಪರದೆ ಎಳೆಯಿರಿ. ಇಷ್ಟು ಮಾಡಿದ ಮೇಲೂ ಅವರು ಹೊದಿಕೆ ಎಳೆದುಕೊಂಡರೆ, ಕಾರಣ ಬೆಳಕಲ್ಲ, ಪುಟ ಮಗುಚುವ ಸದ್ದು ಇರಬೇಕು. ಅದಕ್ಕೆ ನನ್ನ ಹತ್ತಿರ ದೀಪವಿಲ್ಲ.